ಮೊಬೈಲ್ ಬ್ಯಾಟರಿಯ ಆಯುಸ್ಸು

ವಿಜಯನಗರದ ಕಡೆಯಿಂದ ಬರುವ ನಮ್ಮ ಬಾಲಿಕೆಯರಲ್ಲಿ ಕೆಲವರಿಗೆ ಮನೆಗೆಲ್ಲಾ ಒಂದೇ ಫೋನು. ಅದೂ ಸಂಜೆ ಪಾಠದ ಹೊತ್ತಿಗೆ ಆರಿಹೋಗುವುದೆಂದು ಕೇಳಿದ್ದೇವೆ. ಪೂರ್ತಿ ಬರಿದಾದ ಮೇಲೆಯೇ ಚಾರ್ಜು ಮಾಡಬೇಕೆಂಬುದು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಅದು ಹಿತವಲ್ಲ. ತೀರ ಬರಿದಾಗುವುದೂ, ಪೂರ್ಣ ತುಂಬಿ ಬಹಳ ಹೊತ್ತು ನಿಲ್ಲುವುದೂ ಅದನ್ನು ಸವೆಸುವುವು; ಶೇಕಡಾ 20ಕ್ಕೂ 80ಕ್ಕೂ ನಡುವೆ ಇರಿಸುವುದು ಲೇಸು.

ಎಲ್ಲಕ್ಕಿಂತಲೂ ಕೆಟ್ಟದ್ದು ಕಾವು. ಕಾವೇರಿದಂತೆ ಒಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗಿ, ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯು ಮರಳಿ ಬಾರದಂತೆ ಕುಗ್ಗುವುದು. ಆದುದರಿಂದ ತಲೆದಿಂಬಿನ ಕೆಳಗಿಟ್ಟು ಚಾರ್ಜು ಮಾಡಲಾಗದು. ಬಿಸಿಲಲ್ಲಿ ನಿಂತ ಸ್ಕೂಟರಿನೊಳಗೆ ಬಿಡಲಾಗದು. (ಇದನ್ನು ತಂದೆಯವರಿಗೂ ತಿಳಿಸಿರಿ.) ಬ್ಯಾಟರಿ ಉಬ್ಬಿದ್ದರೆ ಮಾತ್ರ ಆಯುಸ್ಸಿನ ಯೋಚನೆ ಬಿಟ್ಟು, ಒಡನೆಯೇ ಬಳಕೆ ನಿಲ್ಲಿಸಿ, ಕಸಕ್ಕೆ ಹಾಕದೆ, ರಿಪೇರಿಯವರಿಗೆ ಒಪ್ಪಿಸತಕ್ಕದ್ದು.