ಹಲ್ಲಿಗೆ ತುಂಬಿದ ‘ಬೆಳ್ಳಿ’ ಗಟ್ಟಿಯಾಗಲು ಒಂದು ದಿನ ಬೇಕು

ಹಾವೇರಿ: ಹುಳುಕು ಹಲ್ಲಿಗೆ ‘ಬೆಳ್ಳಿ’ ತುಂಬಿಸಿಕೊಂಡವರಿಗೆ ದಂತವೈದ್ಯರು ತಪ್ಪದೆ ಹೇಳುವ ಮಾತೊಂದಿದೆ: ಒಂದು ದಿನ ಆ ಬದಿಯಿಂದ ಗಟ್ಟಿ ಪದಾರ್ಥ ಜಗಿಯಬಾರದು. ವೀಳ್ಯದೆಲೆಗೆ ಹೆಸರಾದ ಸವಣೂರಿನಲ್ಲಿಯೂ ಹಾನಗಲ್, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳಲ್ಲಿಯೂ ಊಟವಾದ ಮೇಲೆ ಎಲೆ-ಅಡಿಕೆ ಹಾಕುವುದು ಹಳೆಯ ರೂಢಿ. ಹೀಗಾಗಿ ಈ ಸೂಚನೆಯ ಹಿಂದಿನ ಕಾರಣ ಇಲ್ಲಿನ ಜನರಿಗೆ ತಿಳಿದಿರುವುದು ಅಗತ್ಯ.

ಕುಲುಮೆಯಿಲ್ಲದ ಲೋಹ

ಹಲ್ಲಿನ ಮೇಲೆ ಕೂರಿಸುವ ಲೋಹದ ಕ್ಯಾಪ್ ಪ್ರಯೋಗಾಲಯದಲ್ಲಿ ಎರಕಗೊಂಡು, ತಣಿದು ಗಟ್ಟಿಯಾದ ಮೇಲೆ ಬಾಯಿಗೆ ಬರುತ್ತದೆ. ಹಲ್ಲಿನ ಕುಳಿಗೆ ತುಂಬುವ ಲೋಹವಾದರೋ ಬಾಯಿಯಲ್ಲಿಯೇ ಗಟ್ಟಿಯಾಗಬೇಕು. ಬೆಳ್ಳಿ ಕರಗಲು 962 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದುದರಿಂದ ಅದನ್ನು ಕಾಯಿಸಿ ಸುರಿಯುವಂತಿಲ್ಲ. ಆ ಕೊರತೆಯನ್ನು ತುಂಬುವುದು ಸಾಮಾನ್ಯ ಉಷ್ಣತೆಯಲ್ಲಿಯೇ ದ್ರವವಾಗಿರುವ ಪಾದರಸ.

ಬೆಳ್ಳಿ, ತವರ, ತಾಮ್ರಗಳ ಮಿಶ್ರಲೋಹದ ಪುಡಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸ ಬೆರೆಸಿದಾಗ ಮೆದುವಾದ ಮುದ್ದೆ ಸಿದ್ಧವಾಗುತ್ತದೆ. ಇದೇ ಅಮಾಲ್ಗಮ್. ಪಾದರಸವು ಕಣಗಳ ಹೊರಮೈಯನ್ನು ಕರಗಿಸಿ, ಬೆಳ್ಳಿಯೊಂದಿಗೆ ಕೂಡಿ ಹೊಸ ಹರಳುಗಳಾಗುತ್ತದೆ. ಕಣಗಳ ಒಳತಿರುಳು ಕರಗದೆ ಉಳಿದು, ಗಚ್ಚಿನಲ್ಲಿ ಕುಳಿತ ಕಲ್ಲಿನಂತೆ ಹರಳುಗಳ ನಡುವೆ ಬಿಗಿಯಾಗುತ್ತದೆ.

ಮುದ್ದೆ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆಯಾದರೂ ಹರಳುಗಟ್ಟುವಿಕೆ ಗಂಟೆಗಟ್ಟಲೆ ನಡೆಯುತ್ತದೆ. ಹಳೆಯ ಮಾದರಿಯ ಮಿಶ್ರಣವು ಒಂದು ಗಂಟೆಯ ನಂತರವೂ ಅಂತಿಮ ಬಲದ ಅರ್ಧವನ್ನು ಮುಟ್ಟಿರುವುದಿಲ್ಲ. ಆ ಹೊತ್ತಿನಲ್ಲಿ ಅಡಿಕೆ ಹೋಳು ಕಡಿದರೆ ತುಂಬಿದ ಲೋಹ ಬಿರುಕು ಬಿಡಬಹುದು.

ತಾಮ್ರದ ಪಾತ್ರ

ಹಳೆಯ ಮಿಶ್ರಣದಲ್ಲಿ ತವರವೂ ಪಾದರಸವೂ ಕೂಡಿ ದುರ್ಬಲ ಹರಳುಗಳಾಗುತ್ತಿದ್ದವು. ಇವು ಬೇಗ ತುಕ್ಕು ಹಿಡಿದು, ಅಂಚು ಉದುರುತ್ತಿತ್ತು. 1960ರ ದಶಕದಿಂದ ಬಂದ ಹೆಚ್ಚು ತಾಮ್ರದ ಪುಡಿಯಲ್ಲಿ ತವರವನ್ನು ತಾಮ್ರವೇ ಸೆಳೆದುಕೊಳ್ಳುವುದರಿಂದ ಈ ದೋಷ ಬಹುಮಟ್ಟಿಗೆ ನೀಗಿತು.

ತುಂಬುವಾಗ ಹತ್ತಿಯಿಟ್ಟು ಹಲ್ಲನ್ನು ಒಣಗಿಸುವುದಕ್ಕೂ ಕಾರಣವಿದೆ. ಸತುವು ಬೆರೆತ ಪುಡಿಗೆ ಎಂಜಲು ತಾಗಿದರೆ ಜಲಜನಕ ಅನಿಲ ಹುಟ್ಟಿ, ಕೆಲ ದಿನಗಳ ನಂತರ ಲೋಹ ಉಬ್ಬುತ್ತದೆ. ಶಾಖಕ್ಕೆ ಅಮಾಲ್ಗಮ್ ಹಲ್ಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಜೊತೆಗೆ ಶಾಖವನ್ನು ಬೇಗ ಒಳಕ್ಕೆ ಒಯ್ಯುವುದರಿಂದ ಮೊದಲ ಕೆಲ ದಿನ ಬಿಸಿ ಚಹಾ, ತಣ್ಣೀರು ಜುಮ್ಮೆನ್ನಿಸುವುದುಂಟು.

ಪಾದರಸದ ಭಯ

ಗಟ್ಟಿಯಾದ ಅಮಾಲ್ಗಮ್‌ನಲ್ಲಿ ಪಾದರಸ ಹರಳುಗಳಲ್ಲಿ ಬಂಧಿತವಾಗಿರುತ್ತದೆ. ಜಗಿಯುವಾಗ ಅತ್ಯಲ್ಪ ಆವಿ ಹೊರಬರುತ್ತದೆ. ಆದರೆ ಹೆದರಿ ಸುಸ್ಥಿತಿಯಲ್ಲಿರುವ ತುಂಬಿಕೆಯನ್ನು ಕೊರೆಸಿ ತೆಗೆಸಿದರೆ ಆವಿ ಇನ್ನೂ ಹೆಚ್ಚಾಗಿ ಹೊಮ್ಮುತ್ತದೆ. ಬಿರುಕು ಅಥವಾ ಹುಳುಕು ಇಲ್ಲದಿದ್ದರೆ ಅದನ್ನು ಹಾಗೆಯೇ ಬಿಡುವುದು ಲೇಸು.

ಹೊಸದಾಗಿ ತುಂಬಿಸಿಕೊಳ್ಳುವವರ ಮಾತು ಬೇರೆ. ಪಾದರಸ ಕುರಿತ ಮಿನಾಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. 15 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಹಾಗೂ ಹಾಲೂಡಿಸುವ ತಾಯಂದಿರಿಗೆ ಅಮಾಲ್ಗಮ್ ಬಳಸದಂತೆ ತಡೆಯುವ ನಿರ್ಣಯವನ್ನು 2022ರಲ್ಲಿ ಸದಸ್ಯ ರಾಷ್ಟ್ರಗಳು ಕೈಗೊಂಡವು. 2034ರ ವೇಳೆಗೆ ಇದರ ಬಳಕೆಯನ್ನೇ ಕೊನೆಗೊಳಿಸಲು 2025ರಲ್ಲಿ ಸಮ್ಮತಿಸಿದವು. ಹಲ್ಲಿನ ಬಣ್ಣದ ರಾಳದ ತುಂಬಿಕೆ, ಗಾಜಿನ ಪುಡಿಯ ಸಿಮೆಂಟ್ ಈಗಿರುವ ಪರ್ಯಾಯಗಳು. ತುಂಬಿಸುವ ಮುನ್ನ ಯಾವುದು ತಕ್ಕದ್ದೆಂದು ವೈದ್ಯರನ್ನು ಕೇಳಿ ತಿಳಿಯುವುದು ರೋಗಿಯ ಹಕ್ಕು.