ದುಬಾರಿ ಕೈಗಡಿಯಾರ: ಕೊಟ್ಟ ಹಣಕ್ಕೆ ಬಾಳುವುದೇ?



ಗೊಬ್ಬರ, ಬೋರ್ಡೋ ದ್ರಾವಣ, ಪೇಟೆ ಧಾರಣೆ ಇವುಗಳ ನಡುವೆ ಕೈಗಡಿಯಾರದ ಮಾತೇಕೆ ಎಂದು ತಾವು ಕೇಳಬಹುದು. ಕಾರಣವಿದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟಿದ್ದು ನಮಗೆಲ್ಲ ನೆನಪಿದೆ. ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಅದನ್ನು ಖರ್ಚು ಮಾಡಿಸುವವರೂ ಹುಟ್ಟಿಕೊಳ್ಳುತ್ತಾರೆ. ಐದು ಲಕ್ಷ, ಎಂಟು ಲಕ್ಷದ ಸ್ವಿಸ್ ಗಡಿಯಾರಗಳ ಮಾತು ಈಗ ನಮ್ಮ ತರುಣ ಸದಸ್ಯರ ಬಾಯಲ್ಲೂ ಕೇಳಿಬರುತ್ತಿದೆ. ಉಗ್ರಾಣದಲ್ಲಿಟ್ಟ ಅಡಿಕೆಯ ಮೇಲೆ ಮುಂಗಡ ಪಡೆದು ಗಡಿಯಾರ ಕೊಂಡರೆ ಹೇಗೆ, ಅದೂ ಚಿನ್ನದಂತೆ ಆಸ್ತಿಯೇ ಅಲ್ಲವೇ ಎಂದು ಕಚೇರಿಗೆ ಬಂದು ವಿಚಾರಿಸಿದವರೂ ಇದ್ದಾರೆ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದೇವೆ.

ಯಂತ್ರ ಮಾಡುವ ಕೆಲಸ

ಕೀ ಗಡಿಯಾರದ ತತ್ವ ಸರಳ. ಸುರುಳಿ ಸುತ್ತಿದ ಒಂದು ಸ್ಪ್ರಿಂಗ್ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಶಕ್ತಿ ಹಲ್ಲಿನ ಚಕ್ರಗಳ ಮೂಲಕ ಸಾಗಿ ಬರುತ್ತದೆ. ಅದು ಒಮ್ಮೆಲೇ ಖರ್ಚಾಗದಂತೆ ಒಂದು ಪುಟ್ಟ ಕವಲು ಹಲ್ಲು ತಡೆಯುವುದು, ಬಿಡುವುದು, ಮತ್ತೆ ತಡೆಯುವುದು ಮಾಡುತ್ತದೆ. ಅದರ ತಾಳವನ್ನು ನಿರ್ಧರಿಸುವುದು ಅತ್ತಿಂದಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ನಮ್ಮ ಹಳೆಯ ಎಚ್‌ಎಂಟಿ ಜನತಾ ಗಡಿಯಾರದಲ್ಲಿ ಈ ಟಿಕ್ ಟಿಕ್ ಸೆಕೆಂಡಿಗೆ ಐದು, ದಿನಕ್ಕೆ 4,32,000. ಇಂದಿನ ಅನೇಕ ದುಬಾರಿ ಗಡಿಯಾರಗಳಲ್ಲಿ ಸೆಕೆಂಡಿಗೆ ಎಂಟು.

ಇಷ್ಟೆಲ್ಲ ಮಾಡಿಯೂ ಅದು ಎಷ್ಟು ಸರಿ ನಡೆಯುತ್ತದೆ? ಸ್ವಿಟ್ಜರ್‌ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರಕ್ಕೂ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗಲು ಅವಕಾಶವಿದೆ. ಸೆಲ್ ಹಾಕಿದ ಕ್ವಾರ್ಟ್ಜ್ ಗಡಿಯಾರದಲ್ಲಿ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯವಾದದ್ದೂ ತಿಂಗಳಿಗೆ ಹೆಚ್ಚುಕಡಿಮೆ 15 ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ. ಅಂದರೆ ವೇಳೆ ನೋಡುವುದಕ್ಕಷ್ಟೇ ಆದರೆ ಐನೂರು ರೂಪಾಯಿಯದು ಐದು ಲಕ್ಷದ್ದನ್ನು ಸೋಲಿಸುತ್ತದೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಹಾಗೆಂದು ಕೀ ಗಡಿಯಾರವನ್ನು ಹಗುರವಾಗಿ ಕಾಣುವುದೂ ನ್ಯಾಯವಲ್ಲ. ದಿನದ 86,400 ಸೆಕೆಂಡುಗಳಲ್ಲಿ ಹತ್ತು ತಪ್ಪುವುದೆಂದರೆ ಒಂದು ಕ್ವಿಂಟಲ್ ಅಡಿಕೆ ತೂಗುವಲ್ಲಿ ಹನ್ನೆರಡು ಗ್ರಾಂ ತಪ್ಪಿದಂತೆ. ಸೆಲ್ಲಿಲ್ಲದೆ, ಬರೀ ಉಕ್ಕು ಹಿತ್ತಾಳೆಗಳಿಂದ ಇಷ್ಟು ಸಾಧಿಸುವುದು ಸಾಮಾನ್ಯ ಕಸುಬಲ್ಲ.

ಬೆಲೆ ಏರಿದ್ದು ಹೇಗೆ

1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಆಗ ಅದರ ಬೆಲೆ ಒಂದು ಸಣ್ಣ ಕಾರಿನಷ್ಟು. ಕೆಲವೇ ವರ್ಷಗಳಲ್ಲಿ ಅದು ಅಗ್ಗವಾಯಿತು, ಸ್ವಿಸ್ ಗಡಿಯಾರ ಉದ್ಯಮ ತತ್ತರಿಸಿತು. 1970ರ ಸುಮಾರಿಗೆ ಅಲ್ಲಿ ತೊಂಬತ್ತು ಸಾವಿರದಷ್ಟಿದ್ದ ಕೆಲಸಗಾರರು ಎಂಬತ್ತರ ದಶಕದ ನಡುವೆ ಮೂವತ್ತು ಸಾವಿರದ ಆಸುಪಾಸಿಗೆ ಇಳಿದರು. ವೇಳೆ ತೋರಿಸುವ ಪಂದ್ಯದಲ್ಲಿ ಸೋತವರು ಆಟವನ್ನೇ ಬದಲಿಸಿದರು. ಕೀ ಗಡಿಯಾರವನ್ನು ಉಪಕರಣವೆಂದು ಮಾರುವುದನ್ನು ಬಿಟ್ಟು ಆಭರಣವೆಂದು, ಅಂತಸ್ತಿನ ಗುರುತೆಂದು ಮಾರತೊಡಗಿದರು. ಇಂದು ನಾವು ಕೊಡುವ ಲಕ್ಷಗಳಲ್ಲಿ ಕುಶಲಕರ್ಮಿಯ ಕೈಚಳಕಕ್ಕೆ ಒಂದು ಪಾಲು ಸಲ್ಲುತ್ತದೆ, ನಿಜ. ಉಳಿದದ್ದು ಹೆಸರಿಗೆ, ಜಾಹೀರಾತಿಗೆ, ಹವಾನಿಯಂತ್ರಿತ ಅಂಗಡಿಗೆ ಮತ್ತು ತೆರಿಗೆಗೆ.

ನಮ್ಮದೇ ಗಡಿಯಾರ

ಕರ್ನಾಟಕದವರಾದ ನಮಗೆ ಈ ವಿಷಯದಲ್ಲಿ ಬೇರೆಯವರ ಪಾಠ ಬೇಕಿಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಮೊದಲ ಕಂತನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅದಕ್ಕೆ ಮುಂಚೆ ಒಳ್ಳೆಯ ಗಡಿಯಾರವೆಂದರೆ ವಿದೇಶದ್ದು; ಆಮದಿಗೆ ಕಟ್ಟುಪಾಡಿದ್ದುದರಿಂದ ಕಳ್ಳಸಾಗಣೆಯ ಮಾಲೂ ಸಾಕಷ್ಟಿತ್ತು. ಜನತಾ, ಪೈಲಟ್, ಜವಾನ್, ಸುಜಾತಾ ಮುಂತಾದ ಹೆಸರುಗಳು ಮೇಷ್ಟರು, ಗುಮಾಸ್ತರು, ರೈತರ ಕೈಗೆ ಬಂದವು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಪರೀಕ್ಷೆ ಪಾಸಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ ಎಚ್‌ಎಂಟಿ ಕೊಡುವುದು ಒಂದು ಸಂಪ್ರದಾಯವೇ ಆಗಿಹೋಯಿತು.

1984ರಲ್ಲಿ ಸ್ಥಾಪನೆಯಾಗಿ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್ ಕ್ವಾರ್ಟ್ಜ್ ಗಡಿಯಾರಗಳನ್ನು ಹಿಡಿದು ಪೇಟೆಗೆ ಬಂದಿತು. ಎಚ್‌ಎಂಟಿ ತಾನೂ ಕ್ವಾರ್ಟ್ಜ್ ಮಾಡಿತಾದರೂ ಜನರ ಅಭಿರುಚಿ ಬದಲಾದ ವೇಗಕ್ಕೆ ಹೆಜ್ಜೆ ಹಾಕಲಾಗಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು.

ಅದೇ ವರ್ಷ ಫೆಬ್ರವರಿಯಲ್ಲಿ ರಾಜ್ಯದಲ್ಲೆಲ್ಲ ಇನ್ನೊಂದು ಗಡಿಯಾರದ ಚರ್ಚೆ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ಗಡಿಯಾರದ ಬೆಲೆ ಹತ್ತಾರು ಲಕ್ಷವೆಂದು ವಿರೋಧ ಪಕ್ಷದವರು ಪ್ರಶ್ನಿಸಿದರು. ಅದು ಸ್ನೇಹಿತರು ಕೊಟ್ಟ ಉಡುಗೊರೆ ಎಂದು ಅವರು ತಿಳಿಸಿ, ಮಾರ್ಚ್ 2ರಂದು ಅದನ್ನು ಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಸ್ವತ್ತಾಗಿಸಿದರು. ರಾಜಕೀಯ ನಮ್ಮ ಪತ್ರಿಕೆಯ ವಿಷಯವಲ್ಲ. ಆದರೆ ಎಲ್ಲರ ಕೈಗೂ ಎಟಕುತ್ತಿದ್ದ ಗಡಿಯಾರದ ಕಾರ್ಖಾನೆ ಮುಚ್ಚಲು ತೀರ್ಮಾನವಾದದ್ದು, ಕೆಲವರಿಗಷ್ಟೇ ಎಟಕುವ ಗಡಿಯಾರ ಮನೆಮಾತಾದದ್ದು ಎರಡೂ ಮೂರೇ ತಿಂಗಳೊಳಗೆ ನಡೆದವೆಂಬುದು ಯೋಚಿಸತಕ್ಕ ಸಂಗತಿ.

ಶಹಾಪುರದಲ್ಲಿ ಕೇಳಿದ ಮಾತು

ಕಳೆದ ಬೇಸಿಗೆಯಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋಗಿದ್ದೆವು. ಬಹಳ ವರ್ಷ ನಮ್ಮ ತೋಟದಲ್ಲಿ ದುಡಿದು ಊರಿಗೆ ಹಿಂದಿರುಗಿದ ಮೇಸ್ತ್ರಿಯ ಮನೆಯ ಮದುವೆ. ಅತ್ತ ಕಪ್ಪು ಎರೆ ಭೂಮಿ, ಹತ್ತಿ, ತೊಗರಿ. ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ನೀರು ತಲುಪಿದ ಕಡೆ ಭತ್ತ. ಊರ ಪಕ್ಕದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು. ಕಾಫಿ ಅಡಿಕೆಯವರಾದ ನಮಗೆ ಎಲ್ಲವೂ ಹೊಸದು. ಮೇಸ್ತ್ರಿಯ ಮಾವನವರ ಮಣಿಕಟ್ಟಿನಲ್ಲಿ ಮಾತ್ರ ಪರಿಚಿತ ವಸ್ತುವೊಂದಿತ್ತು. ಗಾಜು ಮಸುಕಾದ, ಪಟ್ಟಿ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲದ ಎಚ್‌ಎಂಟಿ. ತಮ್ಮ ಮದುವೆಯಲ್ಲಿ ಬಂದದ್ದು, ನಲವತ್ತು ವರ್ಷಕ್ಕೂ ಮಿಕ್ಕಿತು ಎಂದರು. ಅದಕ್ಕೆ ಎಣ್ಣೆ ಹಾಕುವವರು ಬಸ್ ನಿಲ್ದಾಣದ ಬಳಿ ಕೂರುತ್ತಾರೆಂದು ತಿಳಿದು ನಾವೂ ಜೊತೆಗೆ ಹೋದೆವು.

ಗಾಜಿನ ಸಣ್ಣ ಪೆಟ್ಟಿಗೆ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಮುಂದೆ ಬಟ್ಟಲಲ್ಲಿ ಪೆಟ್ರೋಲ್. ರಿಪೇರಿಯವರಿಗೆ ಅರವತ್ತು ದಾಟಿರಬೇಕು. "ಇದಕ್ಕ ಸಾವಿಲ್ರಿ ಯಜಮಾನ್ರ. ತೊಳದು ಎಣ್ಣಿ ಬಿಟ್ರ ಮತ್ತ ನಾಕೈದು ವರ್ಷ ನಡೀತದ" ಎಂದರು. ಬಿಡಿಭಾಗ ಎಲ್ಲಿಂದ ತರುತ್ತೀರಿ ಎಂದು ಕೇಳಿದೆವು. "ಎಲ್ಲಿಂದ ಬರ್ತಾವ್ರಿ? ಕೆಟ್ಟಿದ್ದು ಮೂರು ಬಿಚ್ಚಿ ಒಂದು ನಡಸ್ತೀನಿ." ಲಕ್ಷಗಟ್ಟಲೆ ಬೆಲೆಯವು ಇಲ್ಲಿಗೆ ಬರುತ್ತವೆಯೇ ಎಂದದ್ದಕ್ಕೆ ನಕ್ಕರು. "ಅದರ ಮುಚ್ಚಳ ತೆಗಿಯೋ ಹತಾರನೇ ನನ್ನ ಕಡಿ ಇಲ್ರಿ. ಇದು ಕೆಟ್ರ ನನ್ನ ಹತ್ರ ಬರ್ತದ. ಅದು ಕೆಟ್ರ ನೀವೇ ಅದರ ಊರಿಗೆ ಹೋಗಬೇಕು." ಈ ಕೆಲಸ ಕಲಿಯಲು ಈಗ ಯಾರೂ ಬರುವುದಿಲ್ಲವೆಂದೂ, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆಂದೂ ಹೇಳಿದರು.

ನಮ್ಮ ಪ್ರಶ್ನೆಗೆ ತಕ್ಕ ಅಳತೆಗೋಲು ಇದೇ ಎಂದು ನಮಗೆ ತೋರುತ್ತದೆ. ಕೀ ಗಡಿಯಾರ ತಲೆಮಾರು ದಾಟುವ ವಸ್ತು ಎನ್ನುತ್ತಾರೆ. ದಾಟುವುದು ಸತ್ಯ, ಆದರೆ ತಾನಾಗಿಯೇ ಅಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಎಣ್ಣೆ ಬಿಡುವ ಕೈ ಇದ್ದರೆ ಮಾತ್ರ. ಅಡಿಕೆ ಸಸಿಯ ಬೆಲೆ ನೋಡಿ ತೋಟ ಮಾಡುವವರು ಯಾರೂ ಇಲ್ಲ. ನೀರು, ಗೊಬ್ಬರ, ಕೊಳೆರೋಗದ ಔಷಧಿಯ ಖರ್ಚನ್ನು ಮೊದಲು ಲೆಕ್ಕ ಹಾಕುತ್ತೇವೆ. ಗಡಿಯಾರಕ್ಕೂ ಅದೇ ಲೆಕ್ಕ. ದುಬಾರಿ ಗಡಿಯಾರದ ಒಂದು ಸರ್ವಿಸಿಗೆ ಆಗುವ ಹಣದಲ್ಲಿ ಒಂದು ಒಳ್ಳೆಯ ಹೊಸ ಗಡಿಯಾರವೇ ಬರುತ್ತದೆ.

ಆಸ್ತಿ ಎನ್ನಬಹುದೇ?

ಇದು ಹೂಡಿಕೆ ಎಂಬ ಮಾತನ್ನೂ ಪರೀಕ್ಷಿಸೋಣ. ಕೊರೊನಾ ಕಾಲದಲ್ಲಿ ಕೆಲವು ಹೆಸರಾಂತ ಸ್ವಿಸ್ ಗಡಿಯಾರಗಳು ಎರಡನೇ ಕೈ ಪೇಟೆಯಲ್ಲಿ ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಮಾರಾಟವಾದವು. ಆದರೆ 2022ರ ಆರಂಭದ ನಂತರ ಆ ಪೇಟೆ ಜಾರಿತು. ತುತ್ತತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಬೆಲೆ ಏರುವುದು ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ. ಮಿಕ್ಕವು ಅಂಗಡಿಯ ಬಾಗಿಲು ದಾಟುತ್ತಲೇ ಬೆಲೆ ಕಳೆದುಕೊಳ್ಳುತ್ತವೆ. ಚಿನ್ನದ ಸರ ಹಿಡಿದು ಬಂದರೆ ನಮ್ಮ ಸಹಕಾರಿ ಬ್ಯಾಂಕು ತೂಗಿ ನೋಡಿ ಅಂದೇ ಸಾಲ ಕೊಡುತ್ತದೆ. ಗಡಿಯಾರ ಹಿಡಿದು ಬಂದರೆ ಕೊಡುವುದಿಲ್ಲ. ಆಸ್ತಿಗೂ ಅಲಂಕಾರಕ್ಕೂ ಇರುವ ಅಂತರ ಅಷ್ಟೇ.

ಇನ್ನೆರಡು ಸಂಗತಿಗಳನ್ನು ಸದಸ್ಯರು ತಿಳಿದಿರಬೇಕು. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ರೂಪಾಯಿ ಮೀರಿದ ಕೈಗಡಿಯಾರ ಖರೀದಿಯ ಮೇಲೆ ಶೇಕಡಾ 1ರಷ್ಟು ಆದಾಯ ತೆರಿಗೆಯನ್ನು ಅಂಗಡಿಯವರೇ ವಸೂಲು ಮಾಡುವ ನಿಯಮ ಬಂತು. ಹಾಗೆಯೇ ಸ್ವಿಟ್ಜರ್‌ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ. ಸುಂಕ ಇಳಿಯುವ ವಸ್ತುವನ್ನು ಬೆಲೆ ಏರುತ್ತದೆಂಬ ಆಸೆಯಿಂದ ಅವಸರಪಟ್ಟು ಕೊಳ್ಳುವುದು ಜಾಣತನವಲ್ಲ.

ನಮ್ಮ ಸಲಹೆ

1. ಮುಂಗಡ ಪಡೆದು, ಸಾಲ ಮಾಡಿ ಅಥವಾ ಕಂತಿನ ಮೇಲೆ ಗಡಿಯಾರ ಕೊಳ್ಳಲೇಬೇಡಿ. ದಾಸ್ತಾನಿನ ಮೇಲಿನ ಮುಂಗಡ ಧಾರಣೆಗಾಗಿ ಕಾಯುವ ಶಕ್ತಿ ಕೊಡಲೆಂದು ಇರುವುದು.

2. ಕೀ ಗಡಿಯಾರದ ಮೇಲೆ ನಿಜವಾದ ಪ್ರೀತಿ ಇದ್ದವರು ಮನೆಯಲ್ಲಿರುವ ಹಳೆಯ ಎಚ್‌ಎಂಟಿಯನ್ನು ಮೊದಲು ರಿಪೇರಿ ಮಾಡಿಸಿ. ಹೊಸದು ಬೇಕಾದರೆ ಸೀಕೋ, ಸಿಟಿಜನ್ ಮುಂತಾದ ಮಿತಬೆಲೆಯ ಆಟೋಮ್ಯಾಟಿಕ್‌ಗಳಿವೆ. ಹಳೆಯ ಎಚ್‌ಎಂಟಿ ಕೊಳ್ಳುವಾಗ ಎಚ್ಚರವಿರಲಿ. ಸವೆದ ಯಂತ್ರಕ್ಕೆ ಹೊಸ ಬಣ್ಣದ ಮುಖ ಕೂರಿಸಿ ಮಾರುವವರು ಬಹಳ.

3. ಸಾಲವೆಲ್ಲ ತೀರಿ, ತೋಟದ ಎರಡು ವರ್ಷದ ಖರ್ಚು ಬ್ಯಾಂಕಿನಲ್ಲಿದ್ದು, ಆ ಮೇಲೂ ಹಣ ಮಿಕ್ಕಿದವರು ದುಬಾರಿಯದನ್ನೇ ಕೊಂಡರೆ ನಮ್ಮ ಆಕ್ಷೇಪವಿಲ್ಲ. ಒಳ್ಳೆಯ ಕಸುಬನ್ನು ಮೆಚ್ಚುವುದು ತಪ್ಪಲ್ಲ. ಆದರೆ ಸರ್ವಿಸ್ ಎಲ್ಲಿ, ಖರ್ಚೆಷ್ಟು, ಎಷ್ಟು ದಿನ ಎಂದು ಬಿಲ್ಲಿಗೆ ಮುಂಚೆ ಕೇಳಿ. ಕೊಟ್ಟ ಹಣ ಮರಳುವುದಿಲ್ಲವೆಂದೇ ಲೆಕ್ಕ ಬರೆಯಿರಿ.

2001ರಲ್ಲಿ ಅದೇ ನ್ಯೂಯಾರ್ಕ್ ಪೇಟೆಯಲ್ಲಿ ಕಾಫಿ ಪೌಂಡಿಗೆ ಅರ್ಧ ಡಾಲರಿಗೂ ಕೆಳಗಿಳಿದಿತ್ತು. ಆ ವರ್ಷ ತೋಟ ಉಳಿಸಿಕೊಂಡವರು ಅದಕ್ಕೆ ಹಿಂದಿನ ಒಳ್ಳೆಯ ವರ್ಷಗಳಲ್ಲಿ ಒಂದಿಷ್ಟು ಕೂಡಿಟ್ಟವರು. ಅಂಥ ಕಾಲ ಮತ್ತೆ ಬಂದೇ ಬರುತ್ತದೆ. ಅದು ಯಾವಾಗ ಎಂಬುದನ್ನು ಎಷ್ಟೇ ಲಕ್ಷದ ಗಡಿಯಾರವಾದರೂ ತೋರಿಸಲಾರದು.

— ಕಾರ್ಯದರ್ಶಿ