ಗೋಸುಂಬೆಯನ್ನು ತರಗತಿಯಲ್ಲಿ ಸಾಕಬಹುದೇ?

ಔರಾದ ತಾಲೂಕಿನ ಬೋಧನಾಭ್ಯಾಸ ಶಾಲೆಯಲ್ಲಿ ಆರನೇ ತರಗತಿಗೆ ಆವಾಸ ಮತ್ತು ಹೊಂದಾಣಿಕೆಯ ಪಾಠ ನನ್ನ ಪಾಲಿಗೆ ಬಂದಿತ್ತು. ಪೀಠಿಕೆಯಲ್ಲಿ "ಬಣ್ಣ ಬದಲಿಸುವ ಪ್ರಾಣಿ ಯಾವುದು?" ಎಂದು ಕೇಳಿದ್ದೆ. ಮರುದಿನ ಒಬ್ಬ ಹುಡುಗ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಹಾಕಿ, ಒಳಗೆ ಬೆರಳುದ್ದದ ಗೋಸುಂಬೆ ಮರಿಯನ್ನು ಇಟ್ಟುಕೊಂಡು ಬಂದ. ತೊಗರಿ ಹೊಲದ ಬದುವಿನ ಜಾಲಿ ಗಿಡದಲ್ಲಿ ಸಿಕ್ಕಿತಂತೆ. "ಸರ್, ಇದಕ್ಕ ಸಾಲ್ಯಾಗೇ ಸಾಕೋಣ್ರಿ" ಎಂದ. ನನಗೂ ಖುಷಿಯಾಯಿತು. ಮರುದಿನವೇ ಮಾರ್ಗದರ್ಶಕ ಉಪನ್ಯಾಸಕರು ಪಾಠ ವೀಕ್ಷಣೆಗೆ ಬರುವವರಿದ್ದರು. ಚಾರ್ಟು, ಮಿಂಚುಪಟ್ಟಿಗಳ ನಡುವೆ ಜೀವಂತ ಪಾಠೋಪಕರಣವೇ ಸಿಕ್ಕಿತಲ್ಲ ಎಂದುಕೊಂಡೆ.

ಅದನ್ನು ರಟ್ಟಿನ ಪೆಟ್ಟಿಗೆಗೆ ಬಿಟ್ಟು, ಒಂದು ಬೇವಿನ ಟೊಂಗೆ, ಬಟ್ಟಲಲ್ಲಿ ನೀರು, ನಾಲ್ಕು ಸತ್ತ ನೊಣ ಇಟ್ಟೆ. ಬೆಳಿಗ್ಗೆ ನೋಡಿದರೆ ನೊಣ, ನೀರು ಎರಡೂ ಹಾಗೆಯೇ ಇದ್ದವು. ಹಸಿರಾಗಿದ್ದ ಮೈ ಕಪ್ಪುಗಂದಾಗಿತ್ತು. ಹಗಲಲ್ಲೇ ಕಣ್ಣು ಮುಚ್ಚಿಕೊಂಡಿತ್ತು, ಉಬ್ಬಿದ್ದ ಕಣ್ಣುಗುಡ್ಡೆ ಒಳಕ್ಕೆ ಕುಸಿದಿತ್ತು. ಮಕ್ಕಳು "ಪೆಟ್ಟಿಗಿ ಬಣ್ಣಕ್ಕ ತಿರಗ್ಯಾದ್ರಿ ಸರ್!" ಎಂದು ಚಪ್ಪಾಳೆ ತಟ್ಟಿದರು. ನಾನೂ ಅದನ್ನೇ ನಂಬಿ ಕಪ್ಪುಹಲಗೆಯ ಮೇಲೆ 'ಹೊಂದಾಣಿಕೆ' ಎಂದು ದೊಡ್ಡದಾಗಿ ಬರೆದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಇದು ಹೊಂದಾಣಿಕೆಯಲ್ಲ, ಸಂಕಟ. ಸಂಜೆ ಆ ಹುಡುಗನೊಂದಿಗೆ ಹೋಗಿ ಅದೇ ಜಾಲಿ ಗಿಡದಲ್ಲಿ ಬಿಟ್ಟು ಬಂದೆವು. ಅದು ಟೊಂಗೆ ಹಿಡಿಯಲು ಬಹಳ ಹೊತ್ತು ತೆಗೆದುಕೊಂಡಿತು.

ನಾನು ತಪ್ಪಿದ್ದು ಎಲ್ಲಿ ಎಂದು ಆಮೇಲೆ ಓದಿ ತಿಳಿದುಕೊಂಡೆ. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ತೀರ ಅಪರೂಪ. ಎಲೆಯ ಮೇಲಿನ ಇಬ್ಬನಿಯನ್ನೋ ಮಳೆಹನಿಯನ್ನೋ ನೆಕ್ಕುವುದು ಅದರ ಅಭ್ಯಾಸ. ಕುಸಿದ ಕಣ್ಣು ನೀರಿಲ್ಲದೆ ಒಣಗುತ್ತಿರುವುದರ ಗುರುತು. ಸತ್ತ ನೊಣವನ್ನು ಅದು ಆಹಾರವೆಂದೇ ಗುರುತಿಸುವುದಿಲ್ಲ. ಬೇಟೆ ಅಲುಗಾಡಬೇಕು, ಆಗ ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದ ಎರಡೂ ಕಣ್ಣುಗಳು ಒಂದೇ ಕಡೆ ನಿಂತು ದೂರ ಅಳೆಯುತ್ತವೆ, ಮೈಗಿಂತ ಉದ್ದದ ನಾಲಿಗೆ ಹಾರುತ್ತದೆ. ಅದು ಬೇಟೆಯನ್ನು ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ನಾಲಿಗೆಯ ತುದಿಯ ಅಂಟು ಮನುಷ್ಯರ ಎಂಜಲಿಗಿಂತ ಸುಮಾರು 400 ಪಟ್ಟು ಗಟ್ಟಿ ಎಂದು 2016ರಲ್ಲಿ ಅಳೆದಿದ್ದಾರೆ.

ಬೆಳಕಿನ ವಿಷಯ ಇನ್ನೂ ಮುಖ್ಯ. ಬಿಸಿಲಿನ ನೇರಳಾತೀತ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಅದರ ದೇಹದಲ್ಲಿ ಸಾಕಷ್ಟು ಡಿ ವಿಟಮಿನ್ ತಯಾರಾಗಿ ಸುಣ್ಣದಂಶ ಮೂಳೆಗೆ ಸೇರುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ಬಹುತೇಕ ತಡೆದುಬಿಡುತ್ತದೆ. ಹೀಗಾಗಿ ಕಿಟಕಿ ಪಕ್ಕ ಇಟ್ಟರೂ ತಿಂಗಳುಗಳಲ್ಲಿ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಮಕ್ಕಳಿಗೆ ನಾವು ಹೇಳಿಕೊಡುವ ರಿಕೆಟ್ಸ್ ರೋಗದ ಕಥೆಯೇ ಇದು. ಇನ್ನೊಂದು, ಗೋಸುಂಬೆ ಒಂಟಿಯಾಗಿ ಬದುಕುವ ಪ್ರಾಣಿ. ಕೈಯಿಂದ ಕೈಗೆ ದಾಟಿಸಿದರೆ ಬೆಕ್ಕಿನ ಮರಿಯಂತೆ ಸಲಿಗೆ ಬೆಳೆಸುವುದಿಲ್ಲ. ಅಂದು ನಲವತ್ತು ಮಕ್ಕಳು ಅದನ್ನು ಮುಟ್ಟಿದ್ದರು.

ಈಗ ಬಣ್ಣದ ಮಾತು. ಗೋಸುಂಬೆ ತಾನು ಕುಳಿತ ವಸ್ತುವಿನ ಬಣ್ಣಕ್ಕೆ ತಿರುಗುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪಕ್ಷ ಬದಲಿಸುವವರಿಗೂ ಅದರ ಹೆಸರನ್ನೇ ಇಟ್ಟುಬಿಟ್ಟಿದ್ದೇವೆ. ಬಣ್ಣಬಣ್ಣದ ಕನ್ನಡಕಗಳ ಮೇಲೆ ಕಾಲಿಡುತ್ತ ಬಣ್ಣ ಬದಲಿಸುವ ಗೋಸುಂಬೆಯ ವಿಡಿಯೋ ಮಕ್ಕಳೆಲ್ಲರ ಮೊಬೈಲಿನಲ್ಲಿದೆ. ಅದು ಕಂಪ್ಯೂಟರಿನಲ್ಲಿ ಮಾಡಿದ ಜಾಹೀರಾತು. ನಿಜಕ್ಕೂ ಬಣ್ಣ ಬದಲಾಗುವುದು ಮುಖ್ಯವಾಗಿ ಮೈಯ ಬಿಸಿ, ಸಿಟ್ಟು, ಹೆದರಿಕೆ, ಸಂಗಾತಿಯ ಹುಡುಕಾಟಗಳಿಂದ. ಚಳಿಯ ಬೆಳಗಿನಲ್ಲಿ ಬಿಸಿಲು ಹೀರಲು ಮೈ ಕಪ್ಪಾಗುತ್ತದೆ. ಭಯ, ಆಯಾಸಗಳಲ್ಲೂ ಕಪ್ಪಾಗುತ್ತದೆ. ಮೆಲನಿನ್ ಎಂಬ ಕಪ್ಪು ಬಣ್ಣಕ ಜೀವಕೋಶದೊಳಗೆ ಹರಡುವುದರಿಂದ ಹೀಗಾಗುತ್ತದೆ. ಹೊಳೆವ ಬಣ್ಣಗಳ ಗುಟ್ಟು ಬೇರೆ. ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಮೇಲೆ ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿ ಸಣ್ಣ ಹರಳುಗಳು ಸಾಲಾಗಿ ಜೋಡಣೆಯಾಗಿವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಹತ್ತಿರವಿದ್ದು ನೀಲಿ ಬೆಳಕು ಮರಳುತ್ತದೆ, ಮೇಲಿನ ಹಳದಿ ಬಣ್ಣಕದೊಂದಿಗೆ ಸೇರಿ ಹಸಿರಾಗಿ ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ ಹಳದಿ, ಕೆಂಪು ಬೆಳಕು ಮರಳುತ್ತದೆ. ನಮ್ಮ ಗೋಸುಂಬೆ ಅಷ್ಟು ರಂಗಿನದಲ್ಲ. ಹಸಿರು, ಹಳದಿ, ಕಂದು, ಪಟ್ಟೆ, ಇಷ್ಟರಲ್ಲೇ ಅದರ ಆಟ.

ಹೆಸರಿನ ಗೊಂದಲವನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಗದ ಮಕ್ಕಳು ಓತಿಕ್ಯಾತಕ್ಕೂ ಗೋಸುಂಬೆಗೂ ಮನೆಮಾತಿಗೆ ತಕ್ಕಂತೆ ಸರಡಾ, ಗಿರಗಿಟ್ ಎಂದು ಒಂದೇ ಹೆಸರು ಹೇಳುತ್ತಾರೆ. ಬೇಲಿಯ ಮೇಲೆ ತಲೆ ಕುಣಿಸಿ ಸರ್ರನೆ ಓಡುವುದು, ಮರಿ ಮಾಡುವ ಕಾಲದಲ್ಲಿ ಗಂಡಿನ ಕತ್ತು ಕೆಂಪಾಗುವುದು ಓತಿಕ್ಯಾತ. ಆ ಕೆಂಪಿನಿಂದಲೇ ರಕ್ತ ಹೀರುತ್ತದೆಂದು ಕಲ್ಲು ಹೊಡೆಸಿಕೊಳ್ಳುತ್ತದೆ. ಗೋಸುಂಬೆಯ ಬಾಲ ಸುರುಳಿ ಸುತ್ತುತ್ತದೆ, ತಲೆಯ ಮೇಲೆ ಟೋಪಿಯಂಥ ಎತ್ತರ, ಬೆರಳುಗಳು ಎರಡು ಮತ್ತು ಮೂರರ ಗುಂಪಾಗಿ ಇಕ್ಕಳದಂತೆ. ಎರಡಕ್ಕೂ ವಿಷವಿಲ್ಲ.

ಕಾನೂನು ಮೊದಲೇ ಗೊತ್ತಿದ್ದರೆ ಡಬ್ಬಿಯನ್ನು ಅಂದೇ ಹಿಂದಿರುಗಿಸುತ್ತಿದ್ದೆ. ನಮ್ಮ ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ, ಪಾಠಕ್ಕೆಂದು ಎಂಬ ವಿನಾಯಿತಿ ನಮಗಿಲ್ಲ. ಬೀದರ ನಗರದ ನನ್ನ ಸಹಪಾಠಿಯೊಬ್ಬ ಇದನ್ನು ಕೇಳಿ, "ಹಾಂಗಾದ್ರ ಹೊರದೇಶದ್ದು ತರೋಣಲ್ಲ, ಬೆರಳ ಮ್ಯಾಗ ಕೂಡೋ ಸಣ್ಣ ತಳಿ ಬರ್ತಾವಲ್ಲ" ಎಂದ. ಅಂಥವು ಇರುವುದು ನಿಜ. 2021ರಲ್ಲಿ ಮಡಗಾಸ್ಕರಿನಿಂದ ವರದಿಯಾದ ಬ್ರೂಕೇಸಿಯಾ ನಾನಾದ ಗಂಡು ಬಾಲ ಸೇರಿ 22 ಮಿಲಿಮೀಟರಿನಷ್ಟೇ. ಆದರೆ ಇಂಥ ಕುಬ್ಜ ಗೋಸುಂಬೆಗಳ ಮನೆ ತಂಪಾದ, ತೇವದ ಕಾಡಿನ ತರಗೆಲೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ, ಕರೆಂಟು ಹೋಗಿಬರುವ ನಮ್ಮ ಊರಲ್ಲಿ ಅವಕ್ಕೆ ಆ ಗಾಳಿಯನ್ನು ಕೊಡುವವರು ಯಾರು? ಮೇಲಾಗಿ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಸಣ್ಣದಾದಷ್ಟೂ ಸಾಕುವುದು ಸುಲಭ ಎಂಬ ನಮ್ಮ ಲೆಕ್ಕ ಇಲ್ಲಿ ತಲೆಕೆಳಗು.

ಬೋಧನಾಭ್ಯಾಸದ ಎರಡನೇ ಹಂತ ಭಾಲ್ಕಿಯಲ್ಲಿತ್ತು. ಅದೇ ಪಾಠವನ್ನು ಪ್ರಾಣಿಯಿಲ್ಲದೆ ಮಾಡಿದೆ. ಹೆಬ್ಬೆರಳು ತೋರುಬೆರಳಿಗೆ ಒಂದು ರಬ್ಬರ್ ಬ್ಯಾಂಡ್, ಉಳಿದ ಮೂರಕ್ಕೆ ಇನ್ನೊಂದು ಹಾಕಿಸಿ, ಆ ಕೈಯಿಂದ ಮೊದಲು ಕೋಲು ಹಿಡಿಯಲು, ಆಮೇಲೆ ಅಂಗೈಯನ್ನು ಬೆಂಚಿನ ಮೇಲೆ ಸಪಾಟಾಗಿ ಊರಲು ಹೇಳಿದೆ. ಕೋಲು ಗಟ್ಟಿಯಾಗಿ ಸಿಕ್ಕಿತು, ಅಂಗೈ ಊರಲಾಗಲಿಲ್ಲ. ಟೊಂಗೆಯ ಮೇಲಿನ ಗೋಸುಂಬೆ ರಸ್ತೆಯಲ್ಲಿ ಏಕೆ ತಡವರಿಸುತ್ತದೆ, ಗಾಲಿಗೆ ಏಕೆ ಸಿಗುತ್ತದೆ ಎಂದು ಮಕ್ಕಳೇ ಹೇಳಿದರು. ಬಣ್ಣಕ್ಕೆ ತಂತಿಯ ಬಳೆಯಲ್ಲಿ ಸಾಬೂನಿನ ಪೊರೆ ಹಿಡಿದು ಬಿಸಿಲಿಗೆ ತೋರಿಸಿದೆ. ಪೊರೆ ತೆಳುವಾದಂತೆ ಬಣ್ಣದ ಪಟ್ಟಿಗಳು ಸರಿಯುತ್ತವೆ. ಹರಳುಗಳ ಜೋಡಣೆಗೂ ಇದಕ್ಕೂ ವ್ಯತ್ಯಾಸವಿದೆ, ಆದರೆ ಬಣ್ಣಕವಿಲ್ಲದೆಯೂ ಬಣ್ಣ ಹುಟ್ಟುತ್ತದೆ, ಅಂತರ ಬದಲಾದರೆ ಬಣ್ಣ ಬದಲಾಗುತ್ತದೆ ಎಂಬುದಕ್ಕೆ ಇಷ್ಟು ಸಾಕಾಯಿತು. ವೀಕ್ಷಣೆಗೆ ಶಾಲೆಯ ಕಾಂಪೌಂಡಿನ ಓತಿಕ್ಯಾತ ಇತ್ತು. ದೂರ ಕುಳಿತು, ಮುಟ್ಟದೆ, ಹದಿನೈದು ನಿಮಿಷ ನೋಡಿ ಬರೆಯಬೇಕು.

ಒಬ್ಬ ಹುಡುಗಿಯ ವಹಿಯಲ್ಲಿ ಹೀಗಿತ್ತು: ಬಿಸಿಲಿಗೆ ಬಂದಾಗ ಕಪ್ಪು, ಸ್ವಲ್ಪ ಹೊತ್ತಿಗೆ ತಿಳಿ ಕಂದು, ಗೋಡೆ ಮಾತ್ರ ಮೊದಲಿನಿಂದ ಕೊನೆತನಕ ಬಿಳಿ. ಮೌಲ್ಯಮಾಪನದ ಅಂಕಣಕ್ಕೆ ನಾನು ಆ ಪುಟವನ್ನೇ ಅಂಟಿಸಿದ್ದೇನೆ.